ಊರಿಗೆ ಮರಳಿದವರ ಮಕ್ಕಳು: ಸೀಟು, ಶುಲ್ಕ ಮತ್ತು ಏಳು ವರ್ಷಗಳ ಲೆಕ್ಕ

ವೃತ್ತಿಶಿಕ್ಷಣ ಕೋರ್ಸುಗಳ ಪ್ರವೇಶಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೇಳುವ ದಾಖಲೆಗಳಲ್ಲಿ ವ್ಯಾಸಂಗ ಪ್ರಮಾಣಪತ್ರವೂ ಒಂದು. ಅಭ್ಯರ್ಥಿ ಯಾವ ತರಗತಿಯನ್ನು ಯಾವ ವರ್ಷ ಯಾವ ಶಾಲೆಯಲ್ಲಿ ಓದಿದ ಎಂಬುದನ್ನು ಅದರಲ್ಲಿ ಬರೆಸಿ, ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜನ್ನೂ ಹಾಕಿಸಬೇಕು. ಸರ್ಕಾರಿ ಸೀಟು ಬೇಕೆಂದರೆ ಸಾಮಾನ್ಯವಾಗಿ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಎಸ್ಸೆಸ್ಸೆಲ್ಸಿಯನ್ನೋ ಪಿಯುಸಿಯನ್ನೋ ಇಲ್ಲಿಯೇ ಪಾಸು ಮಾಡಿರಬೇಕು. ಅಮೆರಿಕದಿಂದಲೋ ದುಬೈನಿಂದಲೋ ಬಂದು ಬೆಂಗಳೂರಿನಲ್ಲಿ ಆರನೇ ತರಗತಿಗೆ ಸೇರಿದ ಹುಡುಗಿಗೆ ಪಿಯುಸಿ ಮುಗಿಯುವ ಹೊತ್ತಿಗೆ ಸರಿಯಾಗಿ 7 ವರ್ಷ ತುಂಬುತ್ತದೆ. ಒಂದು ವರ್ಷ ತಡವಾಗಿ, ಏಳನೇ ತರಗತಿಗೆ ಬಂದು ಸೇರಿದವಳಿಗೆ ಆರೇ ವರ್ಷ. ವಿದೇಶದಲ್ಲಿದ್ದ ದಂಪತಿ ಊರಿಗೆ ಮರಳುವ ದಿನವನ್ನು ನಿರ್ಧರಿಸುವಾಗ ಈ ಲೆಕ್ಕ ಅವರ ತಲೆಯಲ್ಲಿ ಇರುವುದು ಅಪರೂಪ.

ಓದುವವರು ಎಲ್ಲಿಯವರು ಎಂಬುದರ ಮೇಲೆ ಶುಲ್ಕ ನಿಗದಿ ಮಾಡುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. 1989ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಶುಲ್ಕವಿತ್ತು. ತುಮಕೂರಿನ ಕಾಲೇಜೊಂದರಲ್ಲಿ ಸೀಟು ಪಡೆದಿದ್ದ ಮೀರತ್‌ನ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿದರು. 1992ರಲ್ಲಿ ಸುಪ್ರೀಂ ಕೋರ್ಟ್ ಆ 60,000 ರೂಪಾಯಿಯನ್ನು ಕ್ಯಾಪಿಟೇಶನ್ ಶುಲ್ಕವೆಂದೇ, ಅಂದರೆ ಸೀಟು ಮಾರಿ ಪಡೆಯುವ ಹಣವೆಂದೇ ಪರಿಗಣಿಸಿ ರದ್ದುಪಡಿಸಿತು. ಮರುವರ್ಷ ಬಂದ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಉಚಿತ ಮತ್ತು ಪಾವತಿ ಎಂದು ವಿಂಗಡಿಸಿತು. 2002ರಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಆ ಯೋಜನೆಯನ್ನೂ ಬದಿಗೆ ಸರಿಸಿತು. 2005ರ ಇನಾಮದಾರ್ ತೀರ್ಪಿನಲ್ಲಿ ಅನಿವಾಸಿ ಭಾರತೀಯರ (ಎನ್‌ಆರ್‌ಐ) ಕೋಟಾಕ್ಕೆ ಶೇ 15ರ ಮಿತಿ ಸಿಕ್ಕಿತು. ಆ ಸೀಟುಗಳು ನಿಜವಾದ ಅನಿವಾಸಿಗಳ ಮಕ್ಕಳಿಗೆ ಅಥವಾ ಅವರ ಪಾಲನೆಯಲ್ಲಿರುವವರಿಗೆ ಮಾತ್ರ ಸಿಗಬೇಕು, ಬಂದ ಹೆಚ್ಚುವರಿ ಹಣ ಬಡ ವಿದ್ಯಾರ್ಥಿಗಳಿಗೆ ನೆರವಾಗಬೇಕು ಎಂಬ ಷರತ್ತುಗಳೂ ಅದರಲ್ಲಿದ್ದವು. ಷರತ್ತು ಎಷ್ಟು ಸಡಿಲವಾಯಿತೆಂದರೆ, ಪಂಜಾಬ್ ಸರ್ಕಾರ ಅನಿವಾಸಿಗಳ ದೂರದ ನೆಂಟರನ್ನೂ ಈ ಕೋಟಾದೊಳಕ್ಕೆ ಸೇರಿಸಲು ಹೊರಟು, 2024ರಲ್ಲಿ ಸುಪ್ರೀಂ ಕೋರ್ಟಿನಿಂದ ‘ಇದು ವಂಚನೆ’ ಎನಿಸಿಕೊಂಡಿತು.

ಮರಳಿ ಬಂದ ಕುಟುಂಬಗಳಿಗೆ ಹೆಚ್ಚು ತೊಡಕಾದದ್ದು ಪಾಸ್‌ಪೋರ್ಟಿನ ವಿಷಯ. ಅಮೆರಿಕದಲ್ಲಿ ಹುಟ್ಟಿದ ಮಗು ಅಲ್ಲಿನ ಪ್ರಜೆ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲದ ಕಾರಣ ಆ ಮಗುವಿಗೆ ಸಿಗುವುದು ಸಾಗರೋತ್ತರ ಭಾರತೀಯ ಪ್ರಜೆ ಎಂಬ ಓಸಿಐ ಕಾರ್ಡು. ಈ ಯೋಜನೆ ಚಾಲನೆಗೆ ಬಂದದ್ದು 2005ರಲ್ಲಿ. 2009ರ ಜನವರಿಯ ಅಧಿಸೂಚನೆ ವೈದ್ಯಕೀಯ ಪ್ರವೇಶ ಪರೀಕ್ಷೆಗಳ ಮಟ್ಟಿಗೆ ಓಸಿಐ ಕಾರ್ಡುದಾರರನ್ನು ಎನ್‌ಆರ್‌ಐಗಳಿಗೆ ಸಮವೆಂದು ಘೋಷಿಸಿತು. ಎನ್‌ಆರ್‌ಐ ಕೂಡ ಭಾರತದ ಪ್ರಜೆಯೇ ಆದ್ದರಿಂದ ಸಾಮಾನ್ಯ ಸೀಟಿಗೂ ದಾರಿಯಿದೆ ಎಂದು ಪೋಷಕರು ಇದನ್ನು ಓದಿಕೊಂಡರು. ಸರ್ಕಾರಿ ಸೀಟಿಗೆ ಭಾರತದ ಪೌರತ್ವವೇ ಬೇಕೆಂದ ರಾಜ್ಯದ ನಿಯಮ ಅದನ್ನು ಒಪ್ಪಲಿಲ್ಲ. ಇಲ್ಲಿಯೇ ಬೆಳೆದು, ಇಲ್ಲಿಯ ಶಾಲೆಗಳಲ್ಲಿಯೇ ಓದಿದ್ದ ಮಕ್ಕಳು ಹೈಕೋರ್ಟಿನ ಮೆಟ್ಟಿಲೇರಿದರು. ಅವರನ್ನು ಎನ್‌ಆರ್‌ಐ ಕೋಟಾಕ್ಕಷ್ಟೇ ಸೀಮಿತಗೊಳಿಸುವಂತಿಲ್ಲ, ಭಾರತೀಯ ವಿದ್ಯಾರ್ಥಿಗಳಂತೆಯೇ ಪರಿಗಣಿಸಬೇಕು ಎಂದು ಕರ್ನಾಟಕ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು.

ಆ ಸಮಾಧಾನ ಉಳಿದದ್ದು ಮೂರು ತಿಂಗಳಷ್ಟೆ. 2021ರ ಮಾರ್ಚ್ 4ರಂದು ಕೇಂದ್ರ ಗೃಹ ಸಚಿವಾಲಯ ಹಳೆಯ ಅಧಿಸೂಚನೆಗಳನ್ನು ಬದಿಗಿಟ್ಟು, ಓಸಿಐ ಕಾರ್ಡುದಾರರು ಎನ್‌ಆರ್‌ಐ ಸೀಟಿಗೆ ಅಥವಾ ಹೆಚ್ಚುವರಿಯಾಗಿ ಸೃಷ್ಟಿಸಿದ ಸೀಟಿಗೆ ಮಾತ್ರ ಅರ್ಹರು, ಭಾರತೀಯ ಪ್ರಜೆಗಳಿಗೆಂದೇ ಮೀಸಲಾದ ಸೀಟಿಗೆ ಅಲ್ಲ ಎಂದಿತು. ವಿಚಿತ್ರ ನೋಡಿ: ಒಂದು ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದ ತಂದೆ ಆದಾಯ ತೆರಿಗೆಯ ಲೆಕ್ಕದಲ್ಲಿ ನಿವಾಸಿ, ಹತ್ತು ವರ್ಷ ಇಲ್ಲಿಯೇ ಓದಿದ ಮಗಳು ಕಾಲೇಜಿನ ಲೆಕ್ಕದಲ್ಲಿ ಅನಿವಾಸಿ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಇಂಥ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕಿದ್ದರೂ ಅದನ್ನು ಹಿಂದಿನವರಿಗೂ ಅನ್ವಯಿಸುವುದು ಸಲ್ಲದು ಎಂದು ಹೇಳಿ, 2021ರ ಮಾರ್ಚ್ 4ಕ್ಕೆ ಮೊದಲು ಕಾರ್ಡು ಪಡೆದವರ ಹಕ್ಕನ್ನು ಉಳಿಸಿತು. ಹಾಗಾಗಿ ಒಂದೇ ಮನೆಯ ಅಣ್ಣನಿಗೆ ಸಾಮಾನ್ಯ ಸೀಟು, ಆ ದಿನಾಂಕದ ನಂತರ ಕಾರ್ಡು ಪಡೆದ ತಂಗಿಗೆ ಹಲವು ಪಟ್ಟು ಶುಲ್ಕದ ಎನ್‌ಆರ್‌ಐ ಸೀಟು ಎಂಬ ಸ್ಥಿತಿ ಈಗ ಸಾಧ್ಯ.

ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯವರ ಮಕ್ಕಳ ಬಳಿ ಇರುವುದು ಹೆಚ್ಚಾಗಿ ಭಾರತದ ಪಾಸ್‌ಪೋರ್ಟೇ. ಅವರ ತೊಡಕು ಬೇರೆ ಬಗೆಯದು. ಸುರತ್ಕಲ್‌ನ ಎನ್‌ಐಟಿಕೆಯಂಥ ಸಂಸ್ಥೆಗಳಿಗೆ ವಿದೇಶದಲ್ಲಿ ಓದಿದವರನ್ನು ಸೇರಿಸಿಕೊಳ್ಳುವ ಡಾಸಾ ಯೋಜನೆಯಲ್ಲಿ ಬೋಧನಾ ಶುಲ್ಕ ಸೆಮಿಸ್ಟರಿಗೆ 4,000 ಡಾಲರ್. ಕೊಲ್ಲಿ ಕಾರ್ಮಿಕರ ಮಕ್ಕಳಿಗೆ ಮೀಸಲಾದ ಮೂರನೇ ಒಂದು ಪಾಲು ಸೀಟುಗಳಲ್ಲಿ ಮಾತ್ರ ಶುಲ್ಕ ಭಾರತೀಯ ವಿದ್ಯಾರ್ಥಿಗಳಷ್ಟೇ. ಆದರೆ ಇದಕ್ಕೆ 11 ಮತ್ತು 12ನೇ ತರಗತಿಯನ್ನು ಅಲ್ಲಿಯೇ ಓದಿರಬೇಕು. ಹತ್ತನೆಯದು ಮುಗಿಯುತ್ತಲೇ ಕೆಲಸ ಕಳೆದುಕೊಂಡು ಕುಟುಂಬ ಊರಿಗೆ ಬಂದುಬಿಟ್ಟರೆ ಆ ಬಾಗಿಲು ಮುಚ್ಚಿತು. ಇಲ್ಲಿ 7 ವರ್ಷವೂ ತುಂಬುವುದಿಲ್ಲ.

ಇಂಥವರಿಗೆ ಉಳಿಯುವುದು ರಾಜ್ಯದ ನಿಯಮದಲ್ಲಿರುವ ಇನ್ನೊಂದು ಕಲಂ: ಅಭ್ಯರ್ಥಿ ಎರಡೂ ವರ್ಷದ ಪಿಯುಸಿಯನ್ನು ಕರ್ನಾಟಕದಲ್ಲಿ ಓದಿ ಪಾಸಾಗಿ, ತಂದೆ ಅಥವಾ ತಾಯಿ ಇಲ್ಲಿ 7 ವರ್ಷ ಓದಿದ್ದರೆ ಸಾಕು. ಆಗ ಬೇಕಾಗುವುದು ಮಗನ ದಾಖಲೆಯಷ್ಟೇ ಅಲ್ಲ, ಅಪ್ಪ ಓದಿದ ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕವೂ ಹೌದು. ಮಸ್ಕತ್‌ನಿಂದ ಬಂದ ಅಪ್ಪ ಆ ಶಾಲೆಯ ಕಪಾಟಿನ ಮುಂದೆ ನಿಂತು, ನಲವತ್ತು ವರ್ಷ ಹಿಂದಿನ ಪುಟದಲ್ಲಿ ತನ್ನ ಹೆಸರು ಹುಡುಕುತ್ತಾನೆ. ಸಿಕ್ಕಿದರೆ ಅದರ ನಕಲಿಗೂ ಬಿಇಒ ಕಚೇರಿಯ ಮೇಲುರುಜು ಆಗಬೇಕು.