ಓದುಗರ ಪ್ರಶ್ನೆಗೆ ಉತ್ತರ: ಮಗು ಒದ್ದಾಗ ಪಕ್ಕೆಲುಬಿನ ಕೆಳಗೆ ತಡೆಯಲಾರದ ನೋವು, ಏನು ಮಾಡಲಿ?

ಪ್ರಶ್ನೆ: ನನಗೀಗ 33ನೇ ವಾರ. ಮಗು ಬಲಗಡೆ ಪಕ್ಕೆಲುಬಿನ ಕೆಳಗೆ ಒದ್ದರೆ ಉಸಿರು ಹಿಡಿದಂತಾಗುತ್ತದೆ. ರಾತ್ರಿ ಮಲಗಿದ ಮೇಲಂತೂ ಅದು ನಿಲ್ಲುವುದೇ ಇಲ್ಲ. ಇಷ್ಟು ನೋವಾಗುವುದು ಸಹಜವೇ? ದಿನ ತುಂಬುತ್ತ ಬಂದಂತೆ ಒಳಗೆ ಜಾಗವಿಲ್ಲದೆ ಒದೆತ ತಾನಾಗಿಯೇ ಕಡಿಮೆಯಾಗುತ್ತದೆ, ಅಲ್ಲಿಯವರೆಗೆ ಸಹಿಸಿಕೋ ಎನ್ನುತ್ತಾರೆ. ಅದು ನಿಜವೇ?

ಉತ್ತರ: ಈ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಸುಲಭ. ಕೊನೆಯ ಭಾಗಕ್ಕೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಆದರೂ ಆ ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟುತ್ತಲೇ ಇರುವುದರಿಂದ ಈ ಸಲ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಮೊದಲು ನೋವಿನ ವಿಚಾರ. ಒದ್ದ ಕ್ಷಣಕ್ಕೆ ಚುಚ್ಚಿದಂತಾಗಿ, ಮಗು ಕಾಲು ತೆಗೆದೊಡನೆ ಇಳಿದುಹೋಗುವ ನೋವು ಸಹಜವಾದದ್ದೇ. ಈ ಹೊತ್ತಿಗೆ ಹೆಚ್ಚಿನ ಮಕ್ಕಳು ತಲೆ ಕೆಳಗೆ ಮಾಡಿರುವುದರಿಂದ ಅವುಗಳ ಕಾಲು ನಿಮ್ಮ ಪಕ್ಕೆಲುಬಿನ ಅಂಚಿಗೆ ಬಂದಿರುತ್ತದೆ. 20ನೇ ವಾರದಲ್ಲಿ ಹೊಕ್ಕುಳ ಮಟ್ಟದಲ್ಲಿದ್ದ ಗರ್ಭಕೋಶ 36ನೇ ವಾರದ ಸುಮಾರಿಗೆ ಎದೆಮೂಳೆಯ ತುದಿಯವರೆಗೆ ಏರುತ್ತದೆ. ಅದಕ್ಕೆ ಎಡೆ ಮಾಡಿಕೊಡಲು ಕೆಳಗಿನ ಪಕ್ಕೆಲುಬುಗಳು ಹೊರಕ್ಕೆ ಅಗಲಗೊಂಡಿರುತ್ತವೆ. ಹೀಗೆ ಮೊದಲೇ ಎಳೆದು ನೊಂದಿರುವ ಸ್ನಾಯುಗಳ ಮೇಲೆಯೇ ಪುಟ್ಟ ಹಿಮ್ಮಡಿ ಬಂದು ಬಡಿಯುವುದರಿಂದ ಪೆಟ್ಟು ಸಣ್ಣದಾದರೂ ನೋವು ದೊಡ್ಡದಾಗುತ್ತದೆ. ಮಗು ತಲೆ ಮೇಲಾಗಿ ಕುಳಿತಿದ್ದರೆ ಇದೇ ಒದೆತ ಮೂತ್ರಕೋಶಕ್ಕೋ ಗರ್ಭಕಂಠದ ಕಡೆಗೋ ಬೀಳುತ್ತದೆ, ಪಕ್ಕೆಲುಬಿನ ಕೆಳಗೆ ಗಟ್ಟಿಯಾದ ದುಂಡನೆಯ ತಲೆ ಒತ್ತುತ್ತಿರುತ್ತದೆ. ರಾತ್ರಿ ಹೆಚ್ಚೆನಿಸುವುದೂ ನಿಮ್ಮ ಭ್ರಮೆಯಲ್ಲ. ಸಂಜೆಯ ನಂತರ ಮಕ್ಕಳು ಹೆಚ್ಚು ಚುರುಕಾಗುತ್ತವೆ, ಹಗಲಿನ ಕೆಲಸದಲ್ಲಿ ಗಮನಕ್ಕೆ ಬಾರದ್ದು ಸುಮ್ಮನೆ ಮಲಗಿದಾಗ ಪೂರ್ತಿ ಗೊತ್ತಾಗುತ್ತದೆ. ಒದೆತಕ್ಕೆ ಗರ್ಭಕೋಶ ಹರಿಯುವುದೋ ನೀರು ಒಡೆಯುವುದೋ ಎಂಬ ಭಯವನ್ನು ಬಿಟ್ಟುಬಿಡಿ.

ಉಪಶಮನಕ್ಕೆ ಎಲ್ಲಕ್ಕಿಂತ ಒಳ್ಳೆಯ ದಾರಿ ನಿಮ್ಮ ಭಂಗಿಯನ್ನು ಬದಲಿಸುವುದು. ಮುದುರಿ ಕುಳಿತಷ್ಟೂ ಪಕ್ಕೆಲುಬು ಗರ್ಭಕೋಶದ ಮೇಲೆ ಇಳಿಯುತ್ತದೆ. ಆದ್ದರಿಂದ ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕುಳಿತು, ನೋವಿರುವ ಬದಿಯ ಕೈಯನ್ನು ತಲೆಯ ಮೇಲಕ್ಕೆ ಚಾಚಿ ನಾಲ್ಕೈದು ಸಲ ನಿಧಾನವಾಗಿ ಉಸಿರೆಳೆದುಕೊಳ್ಳಿ. ಅದರಿಂದ ತಗ್ಗದಿದ್ದರೆ ಮಂಡಿ ಮತ್ತು ಅಂಗೈ ಊರಿ ಕೆಲವು ನಿಮಿಷ ಇರಿ, ಹೊಟ್ಟೆ ಮುಂದಕ್ಕೆ ತೂಗಿ ಮಗು ಪಕ್ಕೆಲುಬಿನಿಂದ ಸ್ವಲ್ಪ ಸರಿಯುತ್ತದೆ. ಕಾಲು ಒತ್ತಿ ಹಿಡಿದಿರುವ ಜಾಗದಲ್ಲಿ ಅಂಗೈಯಿಟ್ಟು ಮೆಲ್ಲನೆ ಕೆಳಕ್ಕೆ ಒತ್ತಿದರೂ ಆದೀತು. ಚರ್ಮದಡಿಯಲ್ಲಿ ಗೋಲಿಯಷ್ಟು ಗಟ್ಟಿಯಾದ ಹಿಮ್ಮಡಿ ಬೆರಳಿಗೆ ಸಿಕ್ಕಿ, ಮರುಕ್ಷಣ ಜಾರಿ ಒಳಸರಿಯುವುದನ್ನು ನಾನು ಎಷ್ಟೋ ಸಲ ಮುಟ್ಟಿ ನೋಡಿದ್ದೇನೆ. ನೀರಿನಲ್ಲಿ ತೇಲುವ ಮಗುವಿಗೆ ಅಷ್ಟು ಮೃದುವಾದ ಒತ್ತಡದಿಂದ ಏನೂ ಆಗುವುದಿಲ್ಲ. ಮಲಗುವಾಗ ಹೊಟ್ಟೆಯ ಕೆಳಗೊಂದು, ಮಂಡಿಗಳ ನಡುವೆಯೊಂದು ದಿಂಬಿಟ್ಟು ಮಗ್ಗುಲಾಗಿ ಮಲಗಿ. 28ನೇ ವಾರದ ನಂತರ ಅಂಗಾತ ಮಲಗಿ ನಿದ್ದೆಹೋಗಬಾರದು, ಎಡವೋ ಬಲವೋ ಮಗ್ಗುಲೇ ಸರಿ. ಮಾತ್ರೆ ಬೇಕೇ ಬೇಕೆನಿಸಿದರೆ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ನೀವಾಗಿ ನುಂಗಲೇಬೇಡಿ. 20ನೇ ವಾರದ ನಂತರ ಅವು ಮಗುವಿನ ಮೂತ್ರಪಿಂಡಕ್ಕೂ, ದಿನ ತುಂಬುತ್ತ ಬಂದಂತೆ ಅದರ ಹೃದಯದ ಬಳಿಯ ರಕ್ತನಾಳಕ್ಕೂ ತೊಂದರೆ ಮಾಡಬಲ್ಲವು.

ಇನ್ನು ಆ ಮಾತಿಗೆ ಬರುತ್ತೇನೆ. ದಿನ ತುಂಬಿದಂತೆ ಜಾಗವಿಲ್ಲದೆ ಮಗು ಸುಮ್ಮನಾಗುತ್ತದೆ ಎಂಬುದು ಸುಳ್ಳು. ನೋವು ತಿನ್ನುತ್ತಿರುವವರಿಗೆ ಸಮಾಧಾನವೆಂದು ಅದನ್ನು ಹೇಳುವುದಂತೂ ಅಪಾಯ. ಮಗುವಿನ ಮಿಸುಕಾಟ ಸುಮಾರು 32ನೇ ವಾರದವರೆಗೆ ಹೆಚ್ಚುತ್ತ ಹೋಗಿ, ಅಲ್ಲಿಂದ ಹೆರಿಗೆಯವರೆಗೆ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಉಳಿಯುತ್ತದೆ. ಹೆರಿಗೆ ನೋವು ಶುರುವಾದ ಮೇಲೂ ಮಗು ಮಿಸುಕಾಡುತ್ತದೆ. ಬದಲಾಗುವುದು ಮಿಸುಕಾಟದ ಬಗೆ ಮಾತ್ರ. ಮೊದಲು ಟಪ್ಪೆಂದು ಒದೆಯುತ್ತಿದ್ದದ್ದು ಈಗ ಹೊರಳುತ್ತದೆ, ಮೈಮುರಿಯುತ್ತದೆ, ಬೆನ್ನನ್ನು ಒಂದು ಬದಿಗೆ ಒತ್ತಿ ಹೊಟ್ಟೆಯನ್ನೇ ಓರೆಯಾಗಿಸುತ್ತದೆ. ನಾವು ‘ಒದೆತ’ ಎಂಬ ಒಂದೇ ಪದವನ್ನು ಹಿಡಿದುಕೊಂಡಿರುವುದರಿಂದ ಮಿಕ್ಕದ್ದೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತದೆ.

38ನೇ ವಾರದ ಒಬ್ಬ ತಾಯಿ ಸುಮ್ಮನೆ ತೊಂದರೆ ಕೊಡುತ್ತಿದ್ದೇನೇನೋ ಎಂಬ ಸಂಕೋಚದಿಂದಲೇ ಬಂದರು. ಹಿಂದಿನ ದಿನದಿಂದ ಮಗು ಒದ್ದಿಲ್ಲ, ಜಾಗ ಸಾಲದೆ ಹಾಗಾಗುತ್ತದಂತೆ, ಆದರೂ ಮನಸ್ಸು ಕೇಳಲಿಲ್ಲ ಎಂದರು. ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಹೃದಯಬಡಿತದ ನಕ್ಷೆ ತೆಗೆಯುತ್ತಿದ್ದಾಗ ಹೊಟ್ಟೆಯ ಎಡಭಾಗ ನಿಧಾನವಾಗಿ ಉಬ್ಬಿ, ಅಲೆಯಂತೆ ಬಲಕ್ಕೆ ಸರಿಯಿತು. ಅವರ ಕೈಯನ್ನೇ ಎತ್ತಿ ಅಲ್ಲಿಟ್ಟೆ. “ಇದೂ ಲೆಕ್ಕಕ್ಕೆ ಬರುತ್ತದೆಯೇ?” ಎಂದು ಕೇಳಿದರು. ಖಂಡಿತ ಬರುತ್ತದೆ. ಅವರು ಬಂದದ್ದು ವ್ಯರ್ಥವಾಗಲಿಲ್ಲ, ಹಾಗೆ ಬಂದ ಯಾರನ್ನೂ ನಾನು ಸುಮ್ಮನೆ ಬಂದಿರಿ ಎಂದವಳಲ್ಲ.

ಏಕೆಂದರೆ ಮಿಸುಕಾಟ ನಿಜವಾಗಿಯೂ ಕಡಿಮೆಯಾಗಿದ್ದರೆ ಅದಕ್ಕೆ ಬೇರೆಯೇ ಕಾರಣವಿರಬಹುದು. ಮಾಸಿನ ಮೂಲಕ ಬರುವ ಆಮ್ಲಜನಕ ಕಡಿಮೆಯಾದಾಗ ಮಗು ಇರುವ ಶಕ್ತಿಯನ್ನು ಉಳಿಸಿಕೊಳ್ಳಲು ಕೈಕಾಲು ಆಡಿಸುವುದನ್ನು ಕಡಿಮೆ ಮಾಡುತ್ತದೆ. ಒಳಗಿನ ತೊಂದರೆಯನ್ನು ತಾಯಿಗೆ ತಿಳಿಸಲು ಮಗುವಿಗೆ ಇರುವ ದಾರಿಗಳೇ ಕೆಲವು, ಅವುಗಳಲ್ಲಿ ಇದು ಮುಖ್ಯವಾದದ್ದು. ಮಿಸುಕಾಟ ತಗ್ಗಿತೆಂದು ಬರುವವರಲ್ಲಿ ಹೆಚ್ಚಿನವರ ಮಕ್ಕಳು ಚೆನ್ನಾಗಿಯೇ ಇರುತ್ತವೆ. ಆ ಸುಳ್ಳು ಇಷ್ಟು ಕಾಲ ಬದುಕಿರುವುದೂ ಅದರಿಂದಲೇ, ಸುಮ್ಮನೆ ಕಾದವರಲ್ಲಿ ಬಹುಪಾಲು ಜನರಿಗೆ ಏನೂ ಆಗದೆ ಮಾತು ನಿಜವೆನಿಸಿಬಿಡುತ್ತದೆ. ಏನೋ ಆದ ಕೆಲವರ ಮಾತು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. ಮಗುವಿನ ತಲೆ ಕೆಳಗಿಳಿದಿದೆ, ಅದಕ್ಕೇ ಅಲುಗುತ್ತಿಲ್ಲ ಎಂಬುದೂ ಇದೇ ಸುಳ್ಳಿನ ಇನ್ನೊಂದು ರೂಪ. ಸೊಂಟದ ಮೂಳೆಗಳ ನಡುವೆ ಕೂರುವುದು ತಲೆಯೇ ಹೊರತು ಕೈಕಾಲುಗಳಲ್ಲ. ಏನಾದರೂ ಸಿಹಿ ಕುಡಿದು, ತಣ್ಣೀರು ಕುಡಿದು ನೋಡು ಎಂಬ ಸಲಹೆಯೂ ಇದರ ಜೊತೆಗೇ ಬರುತ್ತದೆ. ಅದರಿಂದ ಆಗುವುದು ಹೆಚ್ಚಾಗಿ ಹೊತ್ತು ಕಳೆಯುವುದೊಂದೇ.

ಎಲ್ಲ ಮಕ್ಕಳಿಗೂ ದಿನಕ್ಕಿಷ್ಟು ಎಂಬ ಒಂದೇ ಲೆಕ್ಕವಿಲ್ಲ. ನಿಮ್ಮ ಮಗುವಿನ ರೂಢಿ ಏನೆಂಬುದು 28ನೇ ವಾರದ ಹೊತ್ತಿಗೆ ನಿಮಗೇ ತಿಳಿದಿರುತ್ತದೆ. ಹೊಟ್ಟೆಯೊಳಗೆ ಮಗು ಒಮ್ಮೆಗೆ 20ರಿಂದ 40 ನಿಮಿಷ ನಿದ್ದೆ ಮಾಡುತ್ತದೆ, ಆ ನಿದ್ದೆ 90 ನಿಮಿಷ ದಾಟುವುದು ಅಪರೂಪ. ಕಡಿಮೆಯಾಯಿತೇನೋ ಎಂಬ ಅನುಮಾನ ಬಂದರೆ ಎಡಮಗ್ಗುಲಾಗಿ ಮಲಗಿ, ಬೇರೆ ಯಾವುದಕ್ಕೂ ಗಮನ ಕೊಡದೆ ಎರಡು ಗಂಟೆ ನೋಡಿ. ಅಷ್ಟರಲ್ಲಿ 10 ಬಾರಿಯೂ ಮಿಸುಕದಿದ್ದರೆ ಬೆಳಗಾಗಲಿ ಎನ್ನದೆ ಆಗಲೇ ಆಸ್ಪತ್ರೆಗೆ ಹೊರಡಿ. ಮಿಸುಕಾಟ ಪೂರ್ತಿ ನಿಂತಂತಿದ್ದರೆ ಆ ಎರಡು ಗಂಟೆಯೂ ಕಾಯುವುದು ಬೇಡ. ಒಮ್ಮೆ ಹೋಗಿ ಎಲ್ಲ ಸರಿಯಿದೆ ಎನಿಸಿಕೊಂಡು ಬಂದ ಮೇಲೆ ಮತ್ತೆ ಹಾಗಾದರೆ ಮತ್ತೆ ಹೋಗಿ.

ನೋವು ಒದೆತಕ್ಕೆ ಮಾತ್ರ ಅಂಟಿಕೊಂಡಿಲ್ಲ ಎಂದಾಗಲೂ ಮನೆಯಲ್ಲಿ ಕೂರಬೇಡಿ. ಹೊಟ್ಟೆ ಕಲ್ಲಿನಂತೆ ಬಿಗಿದು ಸಡಿಲವಾಗದಿದ್ದರೆ, ರಕ್ತ ಕಂಡರೆ, ನೀರು ಸೋರಿದರೆ, 37 ವಾರ ತುಂಬುವ ಮೊದಲೇ ಬಿಗಿತ ನಿಯಮಿತವಾಗಿ ಬಂದುಹೋಗುತ್ತಿದ್ದರೆ ತಡಮಾಡದೆ ತೋರಿಸಿ. ನಿಮಗೆ ನೋವಿರುವುದು ಬಲಗಡೆ ಎಂದಿದ್ದೀರಿ. ಮಗು ಸುಮ್ಮನಿರುವಾಗಲೂ ಅದು ಉಳಿದಿದ್ದು, ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಸೇರಿಕೊಂಡರೆ ಅದನ್ನು ಒದೆತದ ಲೆಕ್ಕಕ್ಕೆ ಹಾಕದೆ ಅಂದೇ ರಕ್ತದೊತ್ತಡ ನೋಡಿಸಿಕೊಳ್ಳಿ.

ನೀವು ಕೇಳಲಿಲ್ಲ, ಆದರೆ ಎಣಿಸಲು ಮಲಗಿದವರೆಲ್ಲ ಕೊನೆಗೆ ಎದುರಿಸುವ ಇನ್ನೊಂದು ಗೊಂದಲವಿದೆ. ಹೊಟ್ಟೆಯ ಒಂದೇ ಜಾಗದಲ್ಲಿ ಗಡಿಯಾರದ ಮುಳ್ಳಿನಂತೆ ಒಂದೇ ಸಮನೆ ಸಣ್ಣಗೆ ಹಾರುವುದು ಗೊತ್ತಾಗುತ್ತದಲ್ಲ, ಅದು ಒದೆತವಲ್ಲ, ಮಗುವಿನ ಬಿಕ್ಕಳಿಕೆ. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಥಟ್ಟನೆ ಕುಗ್ಗುವುದರಿಂದ ಬರುವ ಅದು ಕೆಲವು ನಿಮಿಷ ನಡೆದು ತಾನಾಗಿ ನಿಲ್ಲುತ್ತದೆ, ನೋವನ್ನೂ ಮಾಡುವುದಿಲ್ಲ. ಅದರಿಂದ ಗಾಬರಿಪಡುವಂಥದ್ದೇನೂ ಇಲ್ಲ. ಆದರೆ ಮಗು ತಾನಾಗಿ ಮಾಡುವ ಚಲನೆ ಅದಲ್ಲವಾದ್ದರಿಂದ 10ರ ಎಣಿಕೆಗೆ ಅದನ್ನು ಸೇರಿಸಬೇಡಿ. ಬಿಕ್ಕಳಿಕೆ ನಿಂತ ಮೇಲೆ ಬರುವ ಮೊದಲ ಹೊರಳಾಟದಿಂದ ಎಣಿಸಲು ಶುರುಮಾಡಿ.