‘ಸಿಟ್ಟಾಗೀರೇನ್ರಿ ಸರ್?’ ಅಂತ ಕೇಳಬೇಡಿ

ಕೆಲಸದಲ್ಲಿ ಮೇಲಿನವರು ಏನೋ ಅಂದರು, ಅಂದಿನಿಂದ ನಿದ್ದೆಯಿಲ್ಲ ಎಂದು ಆಪ್ತಸಮಾಲೋಚನೆಗೆ ಬರುವವರಿಗೆ ಮೊದಲು ಕೇಳುವುದು ಒಂದೇ: ಅವರು ಆಡಿದ ಮಾತು ಯಾವುದು? ಅವರ ಬಾಯಿಂದ ಬಂದ ಹಾಗೆಯೇ ಹೇಳಿ. ಹೆಚ್ಚಿನವರಿಗೆ ಹೇಳಲಾಗುವುದಿಲ್ಲ. ‘ನನ್ ಮ್ಯಾಗ ಅವ್ರಿಗಿ ಮನಸಿಲ್ರಿ’, ‘ಎಲ್ಲಾರ ಮುಂದ ಮರ್ಯಾದಿ ಹೋಯ್ತು’, ‘ಇಲ್ಲಿ ನಂದು ಮುಗೀತು’ ಅನ್ನುತ್ತಾರೆ. ಇವು ಯಾವುವೂ ಅಧಿಕಾರಿ ಆಡಿದ ಮಾತುಗಳಲ್ಲ, ಕೇಳಿಸಿಕೊಂಡವರ ಮನಸ್ಸು ಕಟ್ಟಿಕೊಂಡವು. ಆಡಿದ್ದು ಬಹುಶಃ ‘ಈ ವರದಿ ಹಿಂಗ್ ಕಳಸಬ್ಯಾಡ್ರಿ’ ಎಂಬ ಒಂದು ಸಾಲು. ಅದನ್ನು ಹಾಳೆಯ ಎಡಕ್ಕೆ ಬರೆಯಿರಿ, ನಿಮಗೆ ಅನಿಸಿದ್ದನ್ನು ಬಲಕ್ಕೆ. ಇಲ್ಲಿಯವರೆಗೆ ಎಲ್ಲರೂ ಒಪ್ಪುತ್ತಾರೆ, ಮಾಡುತ್ತಾರೆ ಕೂಡ.

ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ‘ಅನುಮಾನವಿದ್ದರೆ ಅವರನ್ನೇ ಕೇಳಿ’ ಎಂದು ಹೇಳಿ ಕಳಿಸಿದರೆ, ಹತ್ತರಲ್ಲಿ ಎಂಟು ಮಂದಿ ಹೋಗಿ ‘ಸರ್, ನನ್ ಮ್ಯಾಗ ಸಿಟ್ಟಾಗೀರೇನ್ರಿ?’ ಎಂದು ಕೇಳಿ ಬರುತ್ತಾರೆ. ‘ಏನಿಲ್ಲ, ಹೋಗ್ರಿ, ಕೆಲ್ಸಾ ನೋಡ್ರಿ’ ಎಂಬ ಉತ್ತರ ಸಿಗುತ್ತದೆ. ಎದೆ ಹಗುರಾಗುತ್ತದೆ. ಸಂಜೆ ಮನೆ ಮುಟ್ಟುವಷ್ಟರಲ್ಲಿ ‘ಏನಿಲ್ಲ ಅಂದ್ರು, ಆದ್ರ ಮುಖಾ ನೋಡಿ ಅನ್ಲಿಲ್ಲ’ ಎಂದು ಮತ್ತೆ ಶುರು.

ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಕಡಿಮೆಯೇ. ಕೆಲಸದ ಬಗ್ಗೆ ಕೇಳುವುದು ಬೇರೆ, ನಿಮ್ಮ ಬಗ್ಗೆ ಕೇಳುವುದು ಬೇರೆ. ಕೆಲಸದ ಪ್ರಶ್ನೆಗೆ ಪರೀಕ್ಷಿಸಿ ನೋಡಬಹುದಾದ ಉತ್ತರವಿರುತ್ತದೆ. ಕಾಲಂ ತಪ್ಪಾಗಿದೆ, ತಿದ್ದಿದಿರಿ, ಮುಗಿಯಿತು. ನಿಮ್ಮ ಮೇಲೆ ಸಿಟ್ಟಿದೆಯೇ ಎಂಬುದಕ್ಕೆ ಯಾವ ಉತ್ತರ ಬಂದರೂ ಪೂರ್ತಿ ನಂಬಲಾಗುವುದಿಲ್ಲ, ಏಕೆಂದರೆ ಇನ್ನೊಬ್ಬರ ಮನಸ್ಸನ್ನು ತೆರೆದು ನೋಡಲು ಬರುವುದಿಲ್ಲ. ‘ಇಲ್ಲ’ ಎಂಬ ಮಾತಿನಿಂದ ಸಿಗುವ ಆ ಅರ್ಧ ದಿನದ ನೆಮ್ಮದಿಯೇ ತೊಂದರೆ ಕೊಡುವುದು. ಆತಂಕ ಬಂತು, ಕೇಳಿದೆ, ಇಳಿಯಿತು ಎಂಬ ಪಾಠವನ್ನು ಮಿದುಳು ಕಲಿಯುತ್ತದೆ. ಮುಂದಿನ ಸಲ ಕೇಳದೆ ಇರಲಾಗುವುದಿಲ್ಲ. ಕೇಳಿದಷ್ಟೂ ಕೇಳಬೇಕೆನಿಸುವುದು ಬಲಿಯುತ್ತದೆ.

ಬಾಯಿಬಿಟ್ಟು ಕೇಳದವರೂ ಕೇಳುತ್ತಲೇ ಇರುತ್ತಾರೆ. ಬೆಳಿಗ್ಗೆ ಆರಕ್ಕೇ ಸಾಹೇಬರ ವಾಟ್ಸ್ಆ್ಯಪ್‌ಗೆ ಗುಲಾಬಿ ಹೂವಿನ ‘ಶುಭೋದಯ’ ಚಿತ್ರ ಹಾಕಿ ನೀಲಿ ಗೆರೆ ಬಂತೇ, ತಿರುಗಿ ಕೈ ಮುಗಿದರೇ ಎಂದು ನೋಡುವುದು ಅದೇ ಪ್ರಶ್ನೆ. ಪಕ್ಕದ ಟೇಬಲಿನವರಿಗೆ ‘ನನ್ ಸುದ್ದಿ ಏನರ ಅಂದ್ರೇನು?’ ಅನ್ನುವುದೂ ಅದೇ.

ಹಾಗಾದರೆ ಸರಿಯಾದ ಪ್ರಶ್ನೆ ಹೇಗಿರುತ್ತದೆ? ನಮ್ಮ ಕಲಬುರಗಿ ಜಿಲ್ಲೆಯ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯ ಶಿಫ್ಟಿನವರಿಗೆ ‘ಲಾಗ್‌ಬುಕ್ ಸರಿಯಿಲ್ಲ’ ಅಂದಿದ್ದಾರೆ ಅನ್ನಿ. ‘ನಿನ್ನೆ ಬಿ ಶಿಫ್ಟಿನ ಪುಟದಾಗ ಏನು ಬಿಟ್ಟದ ಸರ್, ಕಿಲ್ನ್ ನಿಂತ ಟೈಮೋ, ನಿಂತ ಕಾರಣಾನೋ?’ ಎಂದು ಕೇಳಬೇಕು (ಕಿಲ್ನ್ ಎಂದರೆ ಸಿಮೆಂಟಿನ ಕಚ್ಚಾ ಮಾಲು ಸುಡುವ ಕುಲುಮೆ). ಚಿಂಚೋಳಿ ಕಡೆಯ ಶಾಲೆಯ ಸಂದರ್ಶನ ಪುಸ್ತಕದಲ್ಲಿ ಶಾಲೆ ನೋಡಲು ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ‘ನಲಿ-ಕಲಿ ನಿರ್ವಹಣೆ ತೃಪ್ತಿಕರವಿಲ್ಲ’ ಎಂದು ಬರೆದು ಹೋದರೆ, ಟೀಚರ್ ಕೇಳಬೇಕಾದದ್ದು ‘ಪ್ರಗತಿ ನೋಟ ತುಂಬಿಲ್ಲ ಅಂತೀರೋ, ಮಕ್ಕಳ ತಟ್ಟೆ ಗುಂಪು ಸರಿಯಿಲ್ಲ ಅಂತೀರೋ ಸರ್?’ ಎಂದು (ನಲಿ-ಕಲಿ ಎಂದರೆ ಚಿಕ್ಕ ತರಗತಿಯ ಮಕ್ಕಳು ಗುಂಪಾಗಿ ಚಟುವಟಿಕೆಯಿಂದ ಕಲಿಯುವ ಪದ್ಧತಿ, ಆ ಗುಂಪೇ ತಟ್ಟೆ, ಕಲಿಕೆ ಗುರುತು ಹಾಕುವ ದಾಖಲೆ ಪ್ರಗತಿ ನೋಟ). ಎರಡರಲ್ಲೂ ದಿನ, ಪುಟ, ದಾಖಲೆ, ಗುಂಪು ಎಂದು ಬೆರಳಿಟ್ಟು ತೋರಿಸಬಹುದಾದ ಏನಾದರೊಂದು ಇದೆ. ‘ನಾನು’ ಎಂಬ ಪದವೇ ಇಲ್ಲ. ಹೋಗುವ ಮೊದಲು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಅದರಲ್ಲಿ ‘ನನ್ನ ಮೇಲೆ’, ‘ನನ್ನ ಬಗ್ಗೆ’ ಎಂದಿದ್ದರೆ ಹೊಡೆದು ಹಾಕಿ.

ಬೈದ ಗಳಿಗೆಯಲ್ಲೇ ಹೋಗಬೇಡಿ. ಮರುದಿನ, ಅವರ ಮುಂದೆ ಜನವಿಲ್ಲದಾಗ, ‘ಐದು ನಿಮಿಷ ಬೇಕ್ರಿ ಸರ್’ ಎಂದು ಹೋಗಿ. ಹೇಳಿದ್ದನ್ನು ಅವರೆದುರೇ ಬರೆದುಕೊಳ್ಳಿ, ‘ತಿದ್ದಿ ಸೋಮವಾರ ತೋರಸ್ತೀನ್ರಿ’ ಎಂದು ಎದ್ದು ಬನ್ನಿ. ಕೆಲವು ಅಧಿಕಾರಿಗಳು ‘ಎಲ್ಲಾನೂ ಸರಿಯಿಲ್ಲ’ ಎಂದೇ ಕೂರುತ್ತಾರೆ. ಆಗ ಎರಡು ಮಾದರಿ ಒಯ್ದು ಇದೋ ಅದೋ ಎಂದು ಕೇಳುವುದು ಕೆಲಸ ಮಾಡುತ್ತದೆ. ಯಾವಾಗಲೂ ಅಲ್ಲ, ಆದರೆ ಬಹಳ ಸಲ.

ಅಲ್ಲಿಗೆ ಕೇಳುವುದು ಮುಗಿಯಿತು. ಮತ್ತೆ ಕೇಳಬೇಕೆಂಬ ತುಡಿತ ಬಂದಾಗ ಗಡಿಯಾರ ನೋಡಿ, ಅರ್ಧ ಗಂಟೆ ಮುಂದೂಡಿ. ತುಡಿತ ಏರುತ್ತದೆ, ಏರಿದ್ದು ಇಳಿಯುತ್ತದೆ. ಇಳಿಯುವುದನ್ನು ನೀವೇ ಕಾಣಬೇಕು, ಅದಕ್ಕಾಗಿಯೇ ಈ ಕಸರತ್ತು. ಮೊದಲ ಮೂರು-ನಾಲ್ಕು ದಿನ ನಿಜಕ್ಕೂ ಕಷ್ಟ. ಮನೆಯವರೂ ಇಲ್ಲಿ ಕೈಜೋಡಿಸಬೇಕು. ಪ್ರೀತಿಯಿಂದಲೇ ‘ಏನಾಗಂಗಿಲ್ಲ ಬಿಡ್ರಿ’ ಎಂದು ದಿನಕ್ಕೆ ಹತ್ತು ಸಲ ಅನ್ನುವ ಹೆಂಡತಿ, ಅವ್ವ ಇವರೆಲ್ಲ ಪಾಪ, ಅರಿಯದೆ ಬೆಂಕಿಗೆ ತುಪ್ಪ ಸುರಿಯುತ್ತಿರುತ್ತಾರೆ. ಒಂದು ಸಲ ಹೇಳಿ. ಎರಡನೇ ಸಲ ಕೇಳಿದರೆ ‘ಹಾಳ್ಯಾಗ ಬರದಿಡ್ರಿ, ಏಳಕ್ಕ ನೋಡೋಣು’ ಅನ್ನಿ.

ಏಳಕ್ಕೆ ಏಕೆಂದರೆ, ಚಿಂತೆಗೆ ಹೊತ್ತು ಗೊತ್ತು ಮಾಡುವುದು ಹಳೆಯ, ಉಪಯೋಗಕ್ಕೆ ಬರುವ ಕ್ರಮ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಇದನ್ನು ಬರೆದರು. ದಿನಾ ಒಂದೇ ಹೊತ್ತು, ಒಂದೇ ಜಾಗ, ಅರ್ಧ ಗಂಟೆ, ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಅಲ್ಲಿಗೆ ಮುಂದೂಡುವುದು. ಮಲಗುವ ಹಾಸಿಗೆಯಲ್ಲಿ ಮಾತ್ರ ಬೇಡ.

ದೇಹದ ಕಡೆ ಸಣ್ಣ ಸಂಗತಿಗಳಿವೆ. ನಾಲ್ಕು ಎಣಿಸುವವರೆಗೆ ಉಸಿರು ಒಳಗೆ, ಆರು ಎಣಿಸುವವರೆಗೆ ಹೊರಗೆ, ಐದು ನಿಮಿಷ. ಚಹಾ ಕಡಿಮೆ ಮಾಡಿ. ಕೆಫೀನಿನ ಅರ್ಧದಷ್ಟು ರಕ್ತದಿಂದ ಇಳಿಯಲು ಸುಮಾರು ಐದು ತಾಸು ಬೇಕು, ಸಂಜೆ ಆರರ ಚಹಾ ರಾತ್ರಿ ಹನ್ನೊಂದಕ್ಕೂ ಅರ್ಧ ಒಳಗಿರುತ್ತದೆ. ನಲವತ್ತು ಡಿಗ್ರಿ ದಾಟುವ ನಮ್ಮ ಮೇ ಬಿಸಿಲಿನಲ್ಲಿ ನೀರು ಸಾಲದಿದ್ದರೂ ಎದೆ ಡವಗುಟ್ಟುತ್ತದೆ, ಅದನ್ನೂ ಸಾಹೇಬರ ಲೆಕ್ಕಕ್ಕೆ ಬರೆಯಬೇಡಿ.

‘ಕಾರಣ ಕೇಳಿ ನೋಟಿಸ್’ ಬಂದಿದ್ದರೆ ಈ ಯಾವುದೂ ಸಾಲದು. ಉತ್ತರಕ್ಕೆ ಎಷ್ಟು ದಿನ ಕೊಟ್ಟಿದ್ದಾರೆ ಎಂದು ಮೊದಲು ಗುರುತು ಹಾಕಿ. ಅದೇ ರಾತ್ರಿ ಭಯದಲ್ಲಿ ಕ್ಷಮಾಪಣೆ ಬರೆದು ಕೊಡಬೇಡಿ, ಅದು ತಪ್ಪೊಪ್ಪಿಗೆಯಂತೆ ಕಡತದಲ್ಲಿ ಕೂರಬಹುದು. ಸಂಘದವರನ್ನೋ ವಕೀಲರನ್ನೋ ಕಂಡು ಬರೆಯಿರಿ. ಸರ್ಕಾರಿ ನೌಕರರ ಕೆಲಸದ ಬಗ್ಗೆ ಮೇಲಧಿಕಾರಿ ವಾರ್ಷಿಕ ಗೋಪ್ಯ ವರದಿಯಲ್ಲಿ ಬರೆದದ್ದನ್ನು ಅವರಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2008ರ ದೇವ್ ದತ್ ಪ್ರಕರಣದಲ್ಲಿ ಹೇಳಿದೆ. ಮುಚ್ಚಿ ಏನು ಬರೆದರೋ ಎಂದು ಕಲ್ಪಿಸಿ ಕೊರಗುವ ಬದಲು ಪ್ರತಿ ಕೇಳಿ. ಜಾತಿ ಹಿಡಿದು ಬೈದರೆ, ಮೈ ಬಗ್ಗೆ ಆಡಿದರೆ ಅದು ಕೆಲಸದ ಟೀಕೆಯೇ ಅಲ್ಲ. ಅದಕ್ಕೆ ಉಸಿರಾಟದ ಅಭ್ಯಾಸವಲ್ಲ, ದೂರು ಬೇಕು.

ಎದೆನೋವು ಬಂದರೆ ಆತಂಕವೆಂದು ನೀವೇ ತೀರ್ಮಾನಿಸಬೇಡಿ, ಮೊದಲು ಇಸಿಜಿ ಆಗಲಿ. ಎರಡು ವಾರ ದಾಟಿದರೂ ನಿದ್ದೆ, ಊಟ ಕೂಡಿಬರದಿದ್ದರೆ ಮನೋವೈದ್ಯರನ್ನು ಕಾಣಿ. ಬದುಕೇ ಬೇಡವೆನಿಸಿದರೆ ಎರಡು ವಾರವಲ್ಲ, ಅಂದೇ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಂಗಡಿಯಿಂದ ತಂದ, ಆತಂಕ ಇಳಿಸುವ ಆಲ್ಪ್ರಜೋಲಾಂ ಗುಳಿಗೆ ನುಂಗುವವರು ಬಹಳ. ಕೆಲವೇ ವಾರಗಳಲ್ಲಿ ಅದು ಅಂಟಿಕೊಳ್ಳುತ್ತದೆ, ಅಂಟಿದ ಮೇಲೆ ಒಮ್ಮೆಲೇ ಬಿಟ್ಟರೆ ಅಪಾಯ. ಆಪ್ತಸಮಾಲೋಚನೆಗೆ ಬರುವಾಗ ಎಡ-ಬಲ ಬರೆದ ಆ ಹಾಳೆಯ ಜೊತೆ ನುಂಗುತ್ತಿರುವ ಗುಳಿಗೆಯ ಸ್ಟ್ರಿಪ್ಪನ್ನೂ ತನ್ನಿ.