ಬ್ಯಾಟರಿ ತುಂಬಿತ್ತು, ದೀಪ ಮಂಕಾಗಿತ್ತು

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಅಕ್ಕನ ಮಗಳು ಬಸವನಗುಡಿಯ ಮನೆಯಲ್ಲೇ ಒಂದು ಇನ್ವರ್ಟರ್ ಕಟ್ಟಿದ್ದಳು. ಏನನ್ನೂ ಜೋಡಿಸದೆ ಅಳೆದಾಗ ಮಲ್ಟಿಮೀಟರ್ 240 ವೋಲ್ಟ್ ತೋರಿಸಿತು. 60 ವ್ಯಾಟ್‌ನ ಹಳೆಯ ಗಾಜಿನ ಬಲ್ಬು ಹಾಕಿದ ಕೂಡಲೇ 165ಕ್ಕೆ ಕುಸಿಯಿತು, ಬಲ್ಬು ಕೆಂಪಗೆ ಮಿಣುಕಿತು. ಎಲ್‌ಇಡಿ ದೀಪ ಹಾಕಿದ್ದರೆ ಈ ದೋಷ ಕಣ್ಣಿಗೇ ಬೀಳುತ್ತಿರಲಿಲ್ಲ. ಅದು ಎಳೆಯುವುದು ಕೆಲವೇ ವ್ಯಾಟ್.

“ಟ್ರಾನ್ಸ್‌ಫಾರ್ಮರ್ ಸರಿಯಿಲ್ಲ ಮಾವ, ಬೇರೆ ತರುತ್ತೇನೆ” ಎಂದು ಹೊರಟವಳನ್ನು ತಡೆದೆ.

ಟ್ರಾನ್ಸ್‌ಫಾರ್ಮರ್ ಕೆಲಸ ಮಾಡಬೇಕಾದರೆ ಅದರೊಳಗಿನ ಕಾಂತಕ್ಷೇತ್ರ ಬದಲಾಗುತ್ತಲೇ ಇರಬೇಕು. ಬ್ಯಾಟರಿಯ ವಿದ್ಯುತ್ತಾದರೋ ಒಂದೇ ದಿಕ್ಕಿನದು. ಹಾಗಾಗಿ ಸಿಡಿ4047 ಎಂಬ ಐಸಿ (ಚಿಪ್) ವಿದ್ಯುತ್ತಿಗೆ ನಲ್ಲಿಯಂತಿರುವ ಎರಡು ಮಾಸ್ಫೆಟ್‌ಗಳನ್ನು ಸೆಕೆಂಡಿಗೆ 50 ಬಾರಿ ಸರದಿಯ ಮೇಲೆ ತೆರೆದು ಮುಚ್ಚುತ್ತದೆ. 12-0-12 ಸುರುಳಿಯ, ಅಂದರೆ ನಡುವಿನಿಂದಲೂ ಒಂದು ತಂತಿ ಹೊರಬಂದಿರುವ ಸುರುಳಿಯ, ಎರಡು ಅರ್ಧಗಳಲ್ಲಿ ವಿದ್ಯುತ್ತು ಒಮ್ಮೆ ಇತ್ತ, ಒಮ್ಮೆ ಅತ್ತ ಹರಿಯುತ್ತದೆ.

ತೊಡಕಿರುವುದು ಈ 12 ವೋಲ್ಟಿನ ಕಡೆಯಲ್ಲಿ. 60 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ ಕಾಲು ಆಂಪಿಯರ್, 12 ವೋಲ್ಟಿನಲ್ಲಿ ಕನಿಷ್ಠ ಐದು. ಅಷ್ಟು ವಿದ್ಯುತ್ತು ಹರಿಯುವಾಗ ತಂತಿಯ ಅತ್ಯಲ್ಪ ರೋಧವೂ ವೋಲ್ಟೇಜನ್ನು ನುಂಗುತ್ತದೆ. ಇಲ್ಲಿ ಕಳೆದ ಒಂದೊಂದು ವೋಲ್ಟೂ ಆಚೆ ಬದಿಯಲ್ಲಿ ಹೆಚ್ಚುಕಡಿಮೆ 18 ವೋಲ್ಟಿನ ನಷ್ಟ.

ಬಲ್ಬು ಉರಿಯುತ್ತಿರುವಾಗಲೇ ಅಳೆಯಲು ಹೇಳಿದೆ. ಬ್ಯಾಟರಿಯ ತುದಿಗಳಲ್ಲಿ 12.3, ಬೋರ್ಡಿನ ಮೇಲೆ 9.5. ಮೀಟರಿನ ಎರಡು ಮೊನೆಗಳನ್ನು ಒಂದೇ ತಂತಿಯ ಎರಡು ತುದಿಗೆ ಮುಟ್ಟಿಸಿದಾಗ 1.4 ವೋಲ್ಟ್, ಇನ್ನೊಂದು ತಂತಿಯಲ್ಲೂ ಅಷ್ಟೇ. ಕಳ್ಳ ಸಿಕ್ಕಿದ. ಅವು ಪ್ರಯೋಗಕ್ಕೆ ಬಳಸುವ ಮೊಸಳೆ ಕ್ಲಿಪ್ಪಿನ ತಂತಿಗಳು. ಬಣ್ಣದ ಹೊದಿಕೆ ದಪ್ಪ, ಒಳಗೆ ಕೂದಲಿನಂಥ ನಾಲ್ಕೆಳೆ. 4 ಚದರ ಮಿಲಿಮೀಟರಿನ ತಾಮ್ರದ ತಂತಿ ಬೆಸೆದ ಮೇಲೆ ಅದೇ ಬಲ್ಬಿಗೆ ಮೀಟರ್ 215 ತೋರಿಸಿತು.

ಆದರೂ ಆ 215ನ್ನು ಹಾಗೆಯೇ ನಂಬುವಂತಿಲ್ಲ. ಈ ಇನ್ವರ್ಟರ್ ಕೊಡುವುದು ಚೌಕಾಕಾರದ ಅಲೆ. ಅಗ್ಗದ ಮೀಟರ್ ಸರಾಸರಿಯನ್ನು ಅಳೆದು, ಮನೆಯ ವಿದ್ಯುತ್ತಿನಂಥ ನಯವಾದ ಸೈನ್ ಅಲೆಯೆಂದೇ ಎಣಿಸಿ 1.11ರಿಂದ ಗುಣಿಸುತ್ತದೆ. ನಿಜವಾಗಿ ಅಲ್ಲಿದ್ದದ್ದು ಸುಮಾರು 194. ಇಳಿತ ಏರಿಕೆಗಳನ್ನು ಹೋಲಿಸಲು ಮಾತ್ರ ಆ ಅಂಕಿ ಸಾಕು.

ಒಂದು ಮಾಸ್ಫೆಟ್ ಇನ್ನೊಂದಕ್ಕಿಂತ ಬಹಳ ಬಿಸಿಯಾಗುತ್ತಿತ್ತು. ಅದನ್ನು ತೆರೆದು ಮುಚ್ಚುವ ಕಾಲಿಗೆ ಗೇಟ್ ಎನ್ನುತ್ತಾರೆ. ಪ್ರತಿ ಗೇಟೂ ಅರ್ಧ ಸಮಯ ಮಾತ್ರ ಚಾಲೂ ಇರುವುದರಿಂದ ಡಿಸಿ ಮೀಟರ್ ಅಲ್ಲಿ ಬ್ಯಾಟರಿಯ ಅರ್ಧದಷ್ಟು, ಅಂದರೆ 6 ವೋಲ್ಟ್ ತೋರಬೇಕು. ಒಂದರಲ್ಲಿ ಆರು, ಬಿಸಿಯಾದದ್ದರಲ್ಲಿ ಮೂರು! ಗೇಟಿನಿಂದ ನೆಗೆಟಿವ್‌ಗೆ ಹಾಕುವ 10 ಕಿಲೋಓಮ್ ರೆಸಿಸ್ಟರ್ ಬದಲು ಅವಳು 1 ಕಿಲೋಓಮಿನದು ಬೆಸೆದಿದ್ದಳು. ರೋಧವೆಷ್ಟೆಂದು ಹೇಳುವ ಬಣ್ಣದ ಪಟ್ಟಿಗಳಲ್ಲಿ ಮೂರನೆಯದು ಕಿತ್ತಳೆಯೋ ಕೆಂಪೋ ಎಂಬುದು ರಾತ್ರಿಯ ಬೆಳಕಿನಲ್ಲಿ ಯಾರನ್ನಾದರೂ ಏಮಾರಿಸುತ್ತದೆ. ಕಡಿಮೆ ರೋಧದ ಆ ದಾರಿಯಲ್ಲಿ ವೋಲ್ಟೇಜ್ ಸೋರಿ, ಗೇಟಿಗೆ ಅರ್ಧ ಬಲ ಸಿಕ್ಕ ಮಾಸ್ಫೆಟ್ ಪೂರ್ತಿ ತೆರೆಯದೆ ತಾನೇ ರೋಧವಾಗಿ ನಿಂತು ಬಿಸಿಯೇರುತ್ತಿತ್ತು. ಸರಿಪಡಿಸಿದ ಮೇಲೆ ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದೂ ತಗ್ಗಿತು: ಎರಡೂ ಅರ್ಧಗಳು ಈಗ ಸಮನಾಗಿ ಎಳೆಯುತ್ತಿದ್ದವು.

ಇಷ್ಟೆಲ್ಲ ಮಾಡುವಾಗ ಬಿಸಿ ಮುಟ್ಟಿ ನೋಡಲು ಮೊದಲು ಬ್ಯಾಟರಿ ಕಳಚಿಸಿದ್ದೆ, ಅದರ ಪಾಸಿಟಿವ್ ಪಕ್ಕದಲ್ಲೇ ಫ್ಯೂಸ್ ಹಾಕಿಸಿದ್ದೆ. ಸೀಸದ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪಿಯರ್ ಸುರಿಯುತ್ತದೆ; ಆಚೆ ಬದಿಯ ವೋಲ್ಟೇಜ್ ಮನೆಯ ಪ್ಲಗ್ಗಿನಷ್ಟೇ ಜೀವ ತೆಗೆಯಬಲ್ಲದು.

ಮರುದಿನ ಅವಳು ಆ ಫ್ಯೂಸಿನ ಹೋಲ್ಡರಿನಲ್ಲೂ 0.2 ವೋಲ್ಟ್ ಸೋರುವುದನ್ನು ಹಿಡಿದು ನನಗೆ ತೋರಿಸಿದಳು.